ಸರದಿಯ ಪುಟದಲ್ಲಿ ತಮಗೇನು ಕೆಲಸ?

ಆಸ್ಪತ್ರೆಯ ಮಾನ್ಯ ಮುಖ್ಯಾಧಿಕಾರಿಗಳೇ,

ತಮ್ಮ ಮುಖ ನನಗೆ ಚೆನ್ನಾಗಿ ಗೊತ್ತು. ಪ್ರತಿ ಶನಿವಾರ ಬೆಳಿಗ್ಗೆ ಅದು ನನ್ನ ಮೊಬೈಲಿನಲ್ಲಿ ಕಂತುಕಂತಾಗಿ ಮೂಡುತ್ತದೆ: ಮೊದಲು ಹಣೆ, ಆಮೇಲೆ ಕನ್ನಡಕ, ಕೊನೆಗೆ ನಗು. ಆ ನಗು ಪೂರ್ತಿಯಾಗುವಷ್ಟರಲ್ಲಿ ಎಷ್ಟೋ ಸಲ ನನ್ನ ಅಕ್ಕನ ಡಯಾಲಿಸಿಸ್ ಸರದಿ ಬೇರೆಯವರ ಪಾಲಾಗಿರುತ್ತದೆ. ಸರದಿ ಕಾಯ್ದಿರಿಸುವ ಪುಟದಿಂದ ತಾವು ದಯವಿಟ್ಟು ಎದ್ದು ಹೋಗಬೇಕು. ನನ್ನ ದೂರು ಇಷ್ಟೇ.

ಅಕ್ಕನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ಮುಂದಿನ ವಾರದ ಸರದಿಗಳನ್ನು ತಾವು ಶನಿವಾರ ಬೆಳಿಗ್ಗೆ ವೆಬ್‌ಸೈಟಿನಲ್ಲಿ ಮಾತ್ರ ಕೊಡುತ್ತೀರಿ. ಮೊದಲು ಒತ್ತಿದವರಿಗೆ ಮೊದಲು. ಒತ್ತೋಣವೆಂದರೆ ಗುಂಡಿ ಎಲ್ಲಿದೆ? ಅದಕ್ಕೂ ಮುಂಚೆ ಉದ್ಘಾಟನೆಗಳ ಫೋಟೋ ಗ್ಯಾಲರಿ ಬರಬೇಕು, ಆಸ್ಪತ್ರೆಯ ದಾರಿ ತೋರಿಸುವ ನಕ್ಷೆ ಬರಬೇಕು (ದಾರಿ ನಮಗೆ ಕಣ್ಣು ಕಟ್ಟಿ ಬಿಟ್ಟರೂ ಗೊತ್ತು), ಅಭಿಪ್ರಾಯ ಸಮೀಕ್ಷೆ ಬರಬೇಕು, ತಮ್ಮ ಶುಭಾಶಯದ ವಿಡಿಯೊ ಬರಬೇಕು. ಮೂಗಿಗಿಂತ ಮೂಗುತಿ ಭಾರ. ನಾನು ದರ್ಜಿ. ಒಂದು ಗುಂಡಿ ಹೊಲಿಸಲು ಬಂದವರ ಮುಂದೆ ಅಂಗಡಿಯ ಬಟ್ಟೆಯನ್ನೆಲ್ಲ ಬಿಚ್ಚಿ ಹರಡಿದರೆ ಗಿರಾಕಿಗಳು ನನಗೆ ತಲೆ ಕೆಟ್ಟಿದೆ ಅನ್ನುತ್ತಾರೆ.

"ಬಂತೇನೋ?" ಎಂದು ಅಕ್ಕ ಮಂಚದಿಂದ ಕೇಳುತ್ತಾಳೆ.

"ಸಾಹೇಬರ ಕನ್ನಡಕ ಬಂತು, ತಾಳು."

ನಗುತ್ತಿದ್ದೆವು. ಹೋದ ತಿಂಗಳು ಸರದಿ ತಪ್ಪಿ, ಅವಳ ಎದೆಯಲ್ಲಿ ನೀರು ತುಂಬಿ, ಕೂತರೂ ಉಸಿರು ಸಿಗದೆ ನನ್ನ ಅಂಗಿ ಹಿಡಿದು ಜಗ್ಗಿದ ದಿನದಿಂದ ನಗುವುದನ್ನು ಬಿಟ್ಟಿದ್ದೇವೆ. ತುರ್ತು ವಿಭಾಗದವರು ಉಳಿಸಿಕೊಟ್ಟರು. ಅವರಿಗೆ ಕೈಮುಗಿದೆ. ನಂತರ ನೇರವಾಗಿ ತಮ್ಮ ಕಂಪ್ಯೂಟರ್ ವಿಭಾಗಕ್ಕೆ ಹೋದೆ.

ಅಲ್ಲಿಯ ಎಂಜಿನಿಯರಮ್ಮ ಕುರ್ಚಿ ಕೊಟ್ಟು ಕೂರಿಸಿ ಹೇಳಿದರು: "ಅಣ್ಣಾ, ಇವೆಲ್ಲ ಸೈಟಿಗೆ ಆಮೇಲೆ ಅಂಟಿಸಿದ ತುಣುಕುಗಳು. ಪ್ಲಗಿನ್ ಅಂತೀವಿ. ಗ್ಯಾಲರಿಯದ್ದು ಗ್ಯಾಲರಿ ಪುಟದಲ್ಲಿ, ನಕ್ಷೆಯದ್ದು ವಿಳಾಸದ ಪುಟದಲ್ಲಿ ಲೋಡ್ ಆದ್ರೆ ಸಾಕು. ಇಲ್ಲಿ ಎಲ್ಲಾನೂ ಎಲ್ಲಾ ಪುಟದಲ್ಲೂ ಲೋಡ್ ಆಗುತ್ತೆ. ಸರಿಮಾಡಿ ಇಟ್ಟಿದ್ದೀನಿ, ಹಾಕೋಕೆ ಒಪ್ಪಿಗೆ ಬೇಕು."

"ಯಾರು ಬೇಡ ಅಂತಾರಮ್ಮಾ?"

"ಒಂದೊಂದು ಪ್ಲಗಿನ್ ಒಂದೊಂದು ವಿಭಾಗದ್ದು. ಯಾರದ್ದು ತೆಗೀತೀನಿ ಅಂದ್ರೂ ಅವಮಾನ. ಕೊನೆಗೆ ಎಲ್ಲರೂ ಒಂದೇ ಮಾತು: ಸಾಹೇಬರ ವಿಡಿಯೊ ಇರೋವರೆಗೆ ನಮ್ಮದೂ ಇರಲಿ. ಸಾಹೇಬರನ್ನೇ ಕೇಳಿದೆ. ತಮ್ಮ ಮೇಜಿನ ಕಂಪ್ಯೂಟರಲ್ಲಿ ತೆಗೆದು ನೋಡಿ, 'ಎಲ್ಲಿ ನಿಧಾನ? ಪಟ್ ಅಂತ ಬಂತಲ್ಲ' ಅಂದ್ರು."

ಪಟ್ಟನೆ ಬರದೆ ಏನು, ಮಾನ್ಯರೇ? ತಮ್ಮ ಕೋಣೆಗೆ ಎಳೆದಿರುವ ಇಂಟರ್ನೆಟ್ ತಂತಿಗೂ ನಮ್ಮ ಓಣಿಯ ಸಿಗ್ನಲ್ಲಿಗೂ ಯಾವ ಜನ್ಮದ ನಂಟು? ಹೊಟ್ಟೆ ತುಂಬಿದವರು ಊರಿಗೆಲ್ಲ ಊಟವಾಯಿತೆಂದು ತೇಗಿದ ಹಾಗಾಯಿತು ಇದು. ಈ ಮಾತು ಹೇಳಿದ್ದಕ್ಕೆ ಆ ಎಂಜಿನಿಯರಮ್ಮನ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡಿ. ಬೆಕ್ಕಿಗೆ ಗಂಟೆ ಕಟ್ಟಲು ತಮ್ಮ ಕಚೇರಿಯಲ್ಲಿ ಹೊರಟವರು ಅವರೊಬ್ಬರೇ.

ಶನಿವಾರದೊಳಗೆ ತಮ್ಮ ವಿಡಿಯೊವನ್ನು ಆ ಪುಟದಿಂದ ತಾವೇ ಮೊದಲು ತೆಗೆಸಿ. ಉಳಿದವರದ್ದು ತಾನಾಗಿ ಇಳಿಯುತ್ತದೆ. ಮುಖಪುಟದಲ್ಲಿ ಬೇಕಾದರೆ ಮೂರು ಹೊತ್ತೂ ಮಾತಾಡಿ, ನನ್ನ ಅಡ್ಡಿಯಿಲ್ಲ. ಅನುಮಾನವಿದ್ದರೆ ನಮ್ಮ ಮನೆಗೆ ಬಂದು, ಅಕ್ಕನ ಎದುರು ಕೂತು, ನನ್ನ ಮೊಬೈಲಿನಲ್ಲಿ ಒಂದೇ ಒಂದು ಸರದಿ ಹಿಡಿದು ತೋರಿಸಿ.

ನಿನ್ನೆ ಅಕ್ಕ ಹೇಳಿದಳು: "ಈ ಶನಿವಾರ ನೋಡ್ಬೇಡ ಬಿಡೋ. ನನ್ನಿಂದ ನಿನಗೆ ಸುಮ್ಮನೆ ತೊಂದರೆ."

ಬದುಕಬೇಕು ಎಂದು ಕೇಳುವುದಕ್ಕೇ ಅವಳು ಸಂಕೋಚಪಡುವ ಹಾಗೆ ಮಾಡಿದ್ದೀರಿ.

ಇಂತಿ,
ಈ ಶನಿವಾರವೂ ಮೊಬೈಲ್ ಹಿಡಿದು ಕೂರಲಿರುವ
ಒಬ್ಬ ದರ್ಜಿ