ರಾಣಿಗೆ ಸಿಕ್ಕ ಕೀಲಿ

ಇಳಕಲ್, ಮಂಗಳವಾರ

ಗ್ರಂಥಾಲಯದ ಚಂದವ್ವ ಅಕ್ಕನವರಿಗೆ,

ಪ್ರಿಯಕರನೊಡನೆ ಬಾದಾಮಿ ಕೋಟೆ ಬಿಟ್ಟು ಹೋಗುವ ರಾಣಿಯ ಕಾದಂಬರಿಯನ್ನು, ಅತ್ತೆ ಕಂಡಿಕೆಗೆ ನೂಲು ಸುತ್ತುವಾಗ ಓದಿ ಹೇಳಿದೆ. ನಾದಿನಿ ಅತ್ತಳು. ಅತ್ತೆ, “ಮನಿ ಬಿಟ್ಟು ಹೋದಾಕಿ ಎಂಥಾ ರಾಣಿ?” ಎಂದರು. ನಮ್ಮವರು, “ಆಕೀನ್ನ ಒಳಗ ಹಾಕಿ ಕೀಲಿ ಹಾಕಬೇಕಿತ್ತು” ಎಂದು ನಕ್ಕರು. ನಾನೂ ಹೌದೆಂದೆ.

ಆದರೆ ಓದುಗರೆಲ್ಲ ಅಭಿಪ್ರಾಯ ಬರೆಯುವ ಕೊನೆಯ ಹಾಳೆಯಲ್ಲಿ ನಾನೂ ಒಂದು ಸಾಲು ಬರೆದಿದ್ದೆ: ‘ಕೋಟೆಯ ಕೀಲಿ ರಾಣಿಗೆ ಹೇಗೆ ಸಿಕ್ಕಿತೆಂದು ಹೇಳಬೇಕಿತ್ತು.’ ನಾನು ಅದನ್ನು ಅಳಿಸುವ ಮೊದಲೇ ನಾದಿನಿ ಪುಸ್ತಕವನ್ನು ನಿಮಗೆ ಮರಳಿ ತಂದುಕೊಟ್ಟಳು.

ಅತ್ತೆಗೆ ಅದನ್ನೇ ಮತ್ತೊಮ್ಮೆ ಕೇಳಬೇಕಂತೆ. ನಾಳೆ ನಮ್ಮವರು ಪುಸ್ತಕಕ್ಕೆ ಬರುತ್ತಾರೆ. ನನ್ನ ಅಕ್ಷರ ಅವರಿಗೆ ಗೊತ್ತು. ನಾನೇ ಬರುವಂತಿಲ್ಲ, ಪಕ್ಕದ ಮನೆಯ ವಿದ್ಯಾಳ ಕೈಯಲ್ಲಿ ಈ ಚೀಟಿ ಕಳಿಸಿದ್ದೇನೆ. ಆ ಸಾಲು ಪೆನ್ಸಿಲ್ಲಿನದು, ರಬ್ಬರಿಗೆ ಹೋಗುತ್ತದೆ.

ಅಳಿಸುವ ಮುಂಚೆ ನೀವೊಬ್ಬರಾದರೂ ಓದಿರಿ.

ನಿಮ್ಮ ಓದುಗಾರ್ತಿ,
ಚೇತನಾ