ರೆಗ್ಯುಲೇಟರಿಗೆ ಕಟ್ಟಿದ ಕೀಲಿಕೈ

೧೧ ಮೇ ೧೯೮೩, ಬುಧವಾರ

ಮಸರಕಲ್ ಊರಿನ ಹೊಲಗಳ ಮಣ್ಣಿನ ಪರೀಕ್ಷೆ ಮುಗಿಯಿತು. ಫ್ಲೇಮ್ ಫೋಟೋಮೀಟರಿನ ಮುಂದೆ ಕೂತರೆ ಕಮರುನ್ನೀಸಾಳನ್ನು ಎಬ್ಬಿಸುವುದೇ ಕಷ್ಟ. ಅದರಲ್ಲಿ ಗ್ಯಾಸಿನ ಜ್ವಾಲೆ ಉರಿಸಿ ಮಣ್ಣಿನ ಪೊಟ್ಯಾಶ್ ಅಳೆಯುವುದು ಅವಳ ಪಾಲು. ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಈಥರ್ ಹಾಕಿ ಶೇಂಗಾದ ಎಣ್ಣೆ ತೆಗೆಯುವುದು ನನ್ನ ಪಾಲು. ಈಥರಿನ ಹತ್ತಿರ ಬೆಂಕಿ ಇರಬಾರದು, ಇಬ್ಬರಿಗೂ ಗೊತ್ತು. ಇರುವುದೊಂದೇ ರೂಮು! ಕಿಟಕಿಯಾದರೂ ತೆರೆಯೋಣವೆಂದರೆ ಲ್ಯಾಬಿನ ಮೇಲಧಿಕಾರಿ ಮಹಾಂತಯ್ಯ ಸಾಹೇಬರು, "ಬ್ಯಾಡ್ರಿ ಶೇಖಮ್ಮ, ಈ ಬಿಸಿಗಾಳಿಗೆ ಈಥರ್ ಬಾಟ್ಲ್ಯಾಗ ಕುದೀತದ." ಅದೂ ನಿಜವೇ. ಮುಚ್ಚಿದೆ.

೧೩ ಮೇ, ಸಂಜೆ

ಸೆಕೆಗೆ ಈಥರ್ ಬಾಟಲಿಯ ಬಿರಡೆ ತಾನಾಗಿ ಟಪ್ಪೆಂದು ಹಾರಿತು. ಹಿಡಿಯುವಷ್ಟರಲ್ಲಿ ಆವಿ ಮೇಜಿನುದ್ದ ಹರಿದು, ಜ್ವಾಲೆಗೆ ತಾಗಿ, ಭಗ್... ಸಾಹೇಬರು ಗ್ಯಾಸ್ ಬಂದ್ ಮಾಡಿ ಮರಳು ಸುರಿದರು. ಕಮರುವಿನ ಎರಡೂ ಹುಬ್ಬು ಹೋದವು. ಮಣಿಕಟ್ಟಿನ ಮೇಲೆ ಬೊಬ್ಬೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೇಳುತ್ತಾಳೆ, "ಅಕ್ಕಾ, ಹುಬ್ಬು ತಿರುಗಿ ಬರ್ತಾವಲ್ಲ?" ನನಗೆ ಅಳು ತಡೆಯಲಾಗಲಿಲ್ಲ.

೧೬ ಮೇ

ಅವಳ ಮನೆಗೆ ಹೋಗಿದ್ದೆ. ತಾಯಿ ಮುನವ್ವರ್ ಬೀ ಚಹಾ ಕೊಟ್ಟರು. "ಚಾ ಕುಡಿ ಬೇಟಿ. ನೌಕ್ರಿ ಮಾತು ಮಾತ್ರ ತೆಗಿಬ್ಯಾಡ. ಬೆಂಕಿ, ಆ ಔಷಧಿ ಎರಡೂ ಒಂದ ಕಡಿ ಇಡ್ತೀರಿ, ನಡುವ ನನ್ನ ಮಗಳ್ನ ಕೂಡಿಸ್ತೀರಿ." ಕಮರು ಪರದೆಯ ಹಿಂದೆ ನಿಂತೇ ಇದ್ದಳು. ಅವಳಿಲ್ಲದ ಲ್ಯಾಬು ನನಗೂ ಬೇಡ.

೨೪ ಮೇ

ಹೊಸ ರೂಮು ಸದ್ಯಕ್ಕಿಲ್ಲ. ಮುಂಜಾನೆ ತಂಪಿನಲ್ಲಿ ಕಿಟಕಿ ತೆರೆದು ಈಥರ್, ಅದು ಕಪಾಟಿನೊಳಗೆ ಹೋದಮೇಲೆ ಜ್ವಾಲೆ—ಹೀಗೆಂದು ಗೊತ್ತುಮಾಡಿದೆವು. ಸಾಹೇಬರು ಅಂದರು, "ನಾ ಮರೆಗುಳಿ ಮನಷ್ಯಾ. ನಾ ಮರೆತ್ರೂ ತಪ್ಪಬಾರ್ದು, ಹಂಗೇನಾರ ಮಾಡ್ರಿ."

ಮಾಡಿದೆ! ಈಥರಿನ ಕಪಾಟು ಹಿಂದಿನ ವರಾಂಡಕ್ಕೆ, ನೆರಳಿಗೆ ಹೋಯಿತು. ಅದರ ಕೀಲಿಕೈಯನ್ನು ಗ್ಯಾಸ್ ರೆಗ್ಯುಲೇಟರಿಗೆ ತಂತಿಯಿಂದ ಬಿಗಿದೆ. ಈಥರ್ ಬೇಕೆಂದರೆ ಸಿಲಿಂಡರಿನಿಂದ ರೆಗ್ಯುಲೇಟರ್ ಬಿಚ್ಚಿ ಒಯ್ಯಬೇಕು. ಕಪಾಟಿಗೆ ಬೀಗ ಹಾಕದೆ ಕೀಲಿಕೈ ಹೊರಗೆ ಬರುವುದೂ ಇಲ್ಲ; ಅಂದರೆ ಕಪಾಟು ತೆರೆದಿರುವಷ್ಟು ಹೊತ್ತೂ ಜ್ವಾಲೆ ಹಚ್ಚುವಂತಿಲ್ಲ.

೨ ಜೂನ್

ಮುನವ್ವರ್ ಬೀ ತಾವೇ ಬಂದರು! ಕೀಲಿಕೈ ಹಿಡಿದು ಎಳೆದೆಳೆದು ನೋಡಿದರು. ಬರಲಿಲ್ಲ. ಗ್ಯಾಸ್ ಬಂದ್ ಮಾಡಿ ರೆಗ್ಯುಲೇಟರ್ ಬಿಚ್ಚಿ ಕೈಗೆ ಕೊಟ್ಟೆ. ಆರಿದ ಜ್ವಾಲೆಯ ಜಾಗವನ್ನು ಬಗ್ಗಿ ನೋಡಿದರು. "ಮದ್ಲ ಹುಬ್ಬು ಬರ್ಲಿ. ಆಮ್ಯಾಲ ನೋಡೂಣು." ಇಲ್ಲ ಅನ್ನಲಿಲ್ಲ... ಅನ್ನಲಿಲ್ಲ!

೨೦ ಜೂನ್, ಬೆಳಿಗ್ಗೆ

ದೇವದುರ್ಗ, ಮಾನ್ವಿ ಎರಡೂ ಕಡೆಯ ಮಣ್ಣಿನ ಚೀಲ ರಾಶಿ ಬಿದ್ದಿವೆ. ಈಥರ್ ಒಳಗಿಟ್ಟು ಬೀಗ ಹಾಕಿ ಬಂದೆ. ರೆಗ್ಯುಲೇಟರ್ ಮುಂದೆಯೇ ಇದೆ. ಜ್ವಾಲೆ ಹಚ್ಚಲು ಈಗಲೂ ಅಂಜಿಕೆ, ಅದಕ್ಕೇ ಇದನ್ನು ಗೀಚುತ್ತಾ ಕೂತಿದ್ದೇನೆ. ಯಾರೋ ಬಂದರು... ಕಮರು! ಅರ್ಧ ಬಂದ ಹುಬ್ಬಿಗೆ ಕಾಡಿಗೆ ತೀಡಿಕೊಂಡಿದ್ದಾಳೆ. "ಬರೆಯೂದು ಸಾಕ್ರಿ ಅಕ್ಕಾ, ನಾ ಹಚ್ತೀನಿ." ರೆಗ್ಯುಲೇಟರ್ ಆಗಲೇ ಅವಳ ಕೈಯಲ್ಲಿ—