ನಲವತ್ತೊಂದು ತೂತು

ಸೋಮವಾರ, ಸೆಪ್ಟೆಂಬರ್ 1. ಬೆಳಗ್ಗೆ 10

ಎರಡು ಸ್ವೆಟರ್, ಸಿಗರೇಟಿನ ಕಿಡಿ ಬಿದ್ದ ಒಂದು ಪ್ಯಾಂಟು, ವಕೀಲರ ಕರಿ ಕೋಟು. ಕೋಟಿನ ತೋಳಿಗೆ ನುಸಿ. ಎಳೆಗೆ ಎಳೆ ನೇಯ್ದು ತೂತು ಮುಚ್ಚುವ ರಫು ಮುಗಿದಿದೆ. ವಕೀಲರು ಹನ್ನೊಂದಕ್ಕೆ ಬಂದು ಹಿಂದೆ ಮುಂದೆ ತಿರುಗಿಸಿ ತೂತು ಎಲ್ಲಿತ್ತು ಅಂತ ಹುಡುಕುತ್ತಾರೆ. ಹುಡುಕಲಿ. ಮೂವತ್ತೊಂದು ವರ್ಷದಲ್ಲಿ ಯಾರಿಗೂ ಸಿಕ್ಕಿಲ್ಲ.

ನಿನ್ನೆ ಚರ್ಚಿನಲ್ಲಿ ಕೇಳಿದ ಪ್ರಸಂಗ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ಈ ಲೋಕದಲ್ಲಿ ಕೂಡಿಟ್ಟ ಗಂಟಿಗೆ ನುಸಿ, ತುಕ್ಕು, ಕಳ್ಳ. ಪರಲೋಕದ ಗಂಟಿಗೆ ಇದ್ಯಾವುದೂ ಇಲ್ಲ ಅಂದರು ಪಾಸ್ಟರ್. ಅಲ್ಲಿಯವರೆಗೆ ಸರಿ. ನುಸಿಯ ವಿಷಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ನನ್ನ ಮನೆ ನಡೆಯುವುದೇ ಅದರಿಂದ. ಆಮೇಲೆ ಹೇಳಿದರು — ಒಳ್ಳೆಯದು ಮಾಡಿ ನಾಲ್ಕು ಜನಕ್ಕೆ ಹೇಳಿಕೊಂಡರೆ, ಆ ಹೊಗಳಿಕೆಯೇ ಕೂಲಿ. ಅಲ್ಲಿಗೆ ಮುಗಿಯಿತು. ಮೇಲೆ ಏನೂ ಸೇರುವುದಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಚರ್ಚಿನ ಪರದೆ ಹೊಲಿದುಕೊಟ್ಟದ್ದು — ಎಲ್ಲರಿಗೂ ಗೊತ್ತು. ಹೇಳಿದ್ದು ಯಾರು? ನಾನೇ. ಪಕ್ಕದ ಮನೆಯ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದು — ಅದನ್ನು ಸಾರಿದ್ದೂ ನಾನೇ. ಅಂದರೆ ಮೇಲೆ ನನ್ನ ಗಂಟು... ಬರೀ ಬಟ್ಟೆ. ಒಳಗೆ ಏನೂ ಇಲ್ಲ.

ಇವಳಿಗೆ ಹೇಳಿಯೇಬಿಟ್ಟೆ. ಇನ್ನು ಒಂದಾದರೂ ಒಳ್ಳೆ ಕೆಲಸ ಯಾರಿಗೂ ಹೇಳದೆ ಮಾಡುತ್ತೇನೆ, ನಿನಗೂ ಹೇಳುವುದಿಲ್ಲ ಅಂತ.

“ನೀವಾ?” ಬಿದ್ದು ಬಿದ್ದು ನಕ್ಕಳು. “ರೀ, ನೀವು ಯಾರಿಗಾದ್ರೂ ನೀರು ಕೊಟ್ರೆ, ಲೋಟ ತೊಳೆಯೋ ಮುಂಚೆ ಬೀದಿಗೆಲ್ಲ ಗೊತ್ತಾಗಿರುತ್ತೆ.”

ಆಗಲಿ. ನೋಡೇಬಿಡೋಣ.

ಗುರುವಾರ, ಸೆಪ್ಟೆಂಬರ್ 4. ಮಧ್ಯಾಹ್ನ

ಸಿಕ್ಕಿತು! ಮೂರೇ ದಿನಕ್ಕೆ. ದೇವರು ನನ್ನ ಮಾತನ್ನು ಗಮನವಿಟ್ಟು ಕೇಳುತ್ತಾನೆ ಅನ್ನುವುದರಲ್ಲಿ ಅನುಮಾನವಿಲ್ಲ.

ಚರ್ಚಿನ ಗಂಟೆ ಹೊಡೆಯುವ ಗಂಟೆಯಣ್ಣನ ಮಗಳು ಬಂದಿದ್ದಳು. ಇಪ್ಪತ್ನಾಲ್ಕಕ್ಕೆ ಮದುವೆ. ತಾಯಿ ಹೋಗಿ ಹನ್ನೆರಡು ವರ್ಷ. ತಾಯಿಯ ಮದುವೆಯ ಬಿಳಿ ರೇಷ್ಮೆ ಗೌನನ್ನೇ ಹಾಕಿಕೊಳ್ಳಬೇಕೆಂದು ಆಸೆ. ಟ್ರಂಕು ತೆಗೆದು ನೋಡಿದರೆ ನುಸಿ. ಗೌನನ್ನು ಬೆಳಕಿಗೆ ಹಿಡಿದೆ. ಜರಡಿ.

“ಮಾಸ್ಟರ್ ಅಂಕಲ್, ಅಪ್ಪ ಆ ಟ್ರಂಕನ್ನ ಯಾರಿಗೂ ಮುಟ್ಟೋಕೆ ಬಿಟ್ಟೋರಲ್ಲ. ದಿನಾ ತಾವೇ ಒರೆಸೋದು. ಒಳಗೆ ನುಸಿಗುಳಿಗೆ ಹಾಕ್ಬೇಕು ಅಂತ ಅವರಿಗೆ ಗೊತ್ತೇ ಇರ್ಲಿಲ್ಲ. ಮೊನ್ನೆ ಕೀ ನನ್ನ ಕೈಗೆ ಕೊಟ್ಟು, ಇನ್ನು ನಿಂದು ಅಂದ್ರು. ಇದನ್ನ ಈಗ ನೋಡಿದ್ರೆ ತಡ್ಕೊಳ್ಳಲ್ಲ.” ಆಮೇಲೆ, “ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ.”

ಮಾತು ಕೊಡಬೇಕಂತೆ! ನಾನು ಕಾದಿದ್ದೇ ಅದಕ್ಕೆ. ದುಡ್ಡು ಬೇಡ ಅಂದೆ. ಹುಡುಗಿ ಕಣ್ಣೊರೆಸಿಕೊಂಡು ಹೋದಳು. ಅವಳಿಗೆ ಗೊತ್ತಾಯಿತಲ್ಲ... ಅದು ಬೇರೆ. ಬಟ್ಟೆ ತಂದವರಿಗೆ ಗೊತ್ತಾಗದೆ ರಫು ಮಾಡುವುದು ಹೇಗೆ?

ನಲವತ್ತೊಂದು ತೂತು. ಎರಡು ಸಲ ಎಣಿಸಿದೆ.

ಶುಕ್ರವಾರ, ಸೆಪ್ಟೆಂಬರ್ 5

ಅಂಗಡಿಯಲ್ಲಿ ಸಿಗುವ ಯಾವ ಬಿಳಿಯೂ ಈ ಬಿಳಿಯಲ್ಲ. ಇದು ಹಳೆಯ ಬಿಳಿ, ಕೆನೆಯ ಕಡೆಗೆ ವಾಲಿದ್ದು. ಕೆಳಗಿನ ಮಡಿಕೆ ಬಿಚ್ಚಿ, ಒಳಗಿನ ಅಂಚಿನಿಂದ ಎಳೆ ತೆಗೆಯುತ್ತಿದ್ದೇನೆ. ಅದೇ ಗೌನಿನ ಎಳೆ ಅದೇ ಗೌನಿಗೆ. ಕೂದಲಿಗಿಂತ ತೆಳು. ಸ್ವಲ್ಪ ಜೋರಾಗಿ ಉಸಿರು ಬಿಟ್ಟರೂ ಕಳೆದುಹೋಗುತ್ತದೆ. ಇವತ್ತು ನಾಲ್ಕು ತೂತು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತಲೂ ಪಾಸ್ಟರ್ ಹೇಳಿದ್ದರು. ಅವರು ಒಮ್ಮೆ ರಫು ಮಾಡಿ ನೋಡಲಿ. ಬಲಗೈಯಲ್ಲಿ ಸೂಜಿ, ಬಟ್ಟೆಯ ಕೆಳಗೆ ಎಡಗೈ. ಚುಚ್ಚಿಸಿಕೊಳ್ಳುವುದೆಲ್ಲ ಎಡಗೈ. ಅದಕ್ಕೆ ಗೊತ್ತಾಗದ ಹಾಗೆ ನಾನು ಏನನ್ನೂ ಮಾಡಲಾರೆ.

ಮಂಗಳವಾರ, ಸೆಪ್ಟೆಂಬರ್ 9

ಹದಿನೇಳು ಮುಗಿಯಿತು. ಒಂದರಿಂದ ಮೂರರವರೆಗೆ ಶಟರ್ ಅರ್ಧ ಎಳೆದುಕೊಂಡು ಕೂರುತ್ತೇನೆ. ಇವತ್ತು ಪಕ್ಕದ ಬೀಗದ ಅಂಗಡಿಯವನು ಬಗ್ಗಿ ಇಣುಕಿದ. ಗೌನಿನ ಮೇಲೆ ವಕೀಲರ ಇನ್ನೊಂದು ಕೋಟು ಎಳೆದುಕೊಂಡೆ.

“ಏನ್ ಮಾಸ್ಟ್ರೇ, ದಿನಾ ಮಧ್ಯಾಹ್ನ ನಿದ್ದೆನಾ? ವಯಸ್ಸಾಯ್ತು ಬಿಡಿ!”

ನಿದ್ದೆಯಂತೆ. ಈ ಊರಿನಲ್ಲಿ ಇನ್ನೊಬ್ಬನಿಂದ ಆಗದ ಕೆಲಸ ಅವನ ಮೂಗಿನ ಕೆಳಗೆ ನಡೆಯುತ್ತಿದೆ. ಮಾತು ನಾಲಿಗೆಯ ತುದಿಗೆ ಬಂತು. ನುಂಗಿದೆ. “ವಯಸ್ಸಾಯ್ತಪ್ಪ” ಅಂದೆ. ಅದಂತೂ ಸುಳ್ಳಲ್ಲ.

ಶನಿವಾರ, ಸೆಪ್ಟೆಂಬರ್ 20. ಮಧ್ಯಾಹ್ನ 3

ಮುಗಿಯಿತು. ನಲವತ್ತೊಂದೂ.

ಕಿಟಕಿಗೆ ಹಿಡಿದು ನೋಡಿದೆ. ಎದೆಯ ಹತ್ತಿರದ ಮೂರು ನನಗೇ ಸಿಗಲಿಲ್ಲ. ಮಾಡಿದವನು ನಾನು, ನನಗೇ ಸಿಗಲಿಲ್ಲ! ಅಪ್ಪ ಇದ್ದಿದ್ದರೆ ತೋರಿಸುತ್ತಿದ್ದೆ. ಈ ಕೆಲಸ ಕಲಿಸಿ, ಒಂದು ದಿನವೂ ಭೇಷ್ ಅನ್ನದೆ ಹೋದ ಮನುಷ್ಯ. ಇದಕ್ಕೆ ಅನ್ನಲೇಬೇಕಿತ್ತು.

ನನ್ನ ಎಲ್ಲ ಕೆಲಸಕ್ಕೂ ಒಳಗಡೆ ಗುರುತಿಗೆ ಒಂದು ನೀಲಿ ಗಂಟು ಹಾಕುತ್ತೇನೆ. ಇದಕ್ಕೂ ಸೂಜಿಗೆ ನೀಲಿ ದಾರ ಪೋಣಿಸಿದೆ. ಐದು ನಿಮಿಷ ಹಿಡಿದುಕೊಂಡು ಕೂತೆ. ದಾರ ಕಿತ್ತು ಬಿಸಾಕಿದೆ. ಹುಡುಗಿ ಬಂದು ಒಯ್ದಳು.

ಬುಧವಾರ, ಸೆಪ್ಟೆಂಬರ್ 24. ಸಂಜೆ 5.30

ಈಗ ತಾನೇ ಮದುವೆಯಿಂದ ಬಂದೆ. ಶೂ ಕೂಡ ಬಿಚ್ಚಿಲ್ಲ. ಬರೆದೇ ತೀರಬೇಕು.

ಹುಡುಗಿ ಅಪ್ಪನ ತೋಳು ಹಿಡಿದು ಒಳಗೆ ಬಂದಾಗ ಚರ್ಚೇ ಎದ್ದು ನಿಂತಿತು. ಎಲ್ಲರೂ ಅವಳ ಮುಖ ನೋಡಿದರು, ನಾನು ಗೌನು ನೋಡಿದೆ. ಬಾಗಿಲ ಬಿಸಿಲು ನೇರ ಅದರ ಮೇಲೆ. ಏನೂ ಕಾಣಲಿಲ್ಲ. ಏನೇನೂ!

ಊಟದ ಹೊತ್ತಿಗೆ ಗಂಟೆಯಣ್ಣ ನನ್ನ ಕೈ ಹಿಡಿದು ಎಳೆದುಕೊಂಡು ಹೋದ. ಪಾಸ್ಟರ್, ಇವಳು, ಬೀಗದ ಅಂಗಡಿಯವನು, ಗಂಡಿನ ಕಡೆಯವರು, ಎಲ್ಲ ಸುತ್ತ ನಿಂತಿದ್ದಾರೆ.

“ಮಾಸ್ಟ್ರೇ, ಸಾಯೋ ಮುಂಚೆ ಅವಳು ಟ್ರಂಕಿನ ಕೀ ನನ್ನ ಕೈಲಿಟ್ಟು, ಮಗಳಿಗೆ ಅಂದ್ಲು. ಹನ್ನೆರಡು ವರ್ಷ! ಒಂದು ದಿನ ತಪ್ಪಿಸಿಲ್ಲ ನಾನು. ನೀವು ತೂತು ಹುಡುಕೋದ್ರಲ್ಲಿ ಎತ್ತಿದ ಕೈ. ನೀವೇ ನೋಡಿ ಹೇಳಿ, ಎಲ್ಲಾದ್ರೂ ಒಂದಿದ್ಯಾ?”

“ಜೋಪಾನ ಅಂದ್ರೆ ಇದಪ್ಪ!” ಅಂದರು ಪಾಸ್ಟರ್. ಎಲ್ಲರೂ ಚಪ್ಪಾಳೆ. ಒಂದು ನುಸಿಗುಳಿಗೆ ಹಾಕದ ಮನುಷ್ಯನಿಗೆ ಚಪ್ಪಾಳೆ! ನನ್ನ ಕಣ್ಣು ಹೋಗಿದೆ, ಬೆರಳೆಲ್ಲ ಸೂಜಿಯ ಗಾಯ, ಮೇಲೆ ನಿದ್ದೆಬುರುಕ ಅನ್ನಿಸಿಕೊಂಡಿದ್ದೇನೆ. ಹೊಟ್ಟೆ ಉರಿಯಿತು. ಸುಳ್ಳು ಬರೆಯುವುದಿಲ್ಲ, ಚೆನ್ನಾಗಿಯೇ ಉರಿಯಿತು. ಒಂದು ಮಾತು ಸಾಕಿತ್ತು.

ಹುಡುಗಿ ಬಿಳುಚಿಕೊಂಡು ನನ್ನನ್ನೇ ನೋಡುತ್ತಿದ್ದಳು. ಬಗ್ಗಿ ಅವಳ ತೋಳಿನ ಬಟ್ಟೆ ಹಿಡಿದೆ. ಹೆಬ್ಬೆರಳು ಸರಿಯಾಗಿ ಹತ್ತೊಂಬತ್ತನೆಯ ತೂತಿನ ಜಾಗದಲ್ಲಿತ್ತು. ತಲೆಯೆತ್ತಿ ಗಂಟೆಯಣ್ಣನ ಮುಖ ನೋಡಿದೆ. ಹೆಂಡತಿಗೆ ಕೊಟ್ಟ ಮಾತು ಉಳಿಸಿಕೊಂಡ ಗಂಡಸಿನ ಮುಖ. ನಾನು ಬಾಯಿ ತೆರೆದರೆ ಆ ಮುಖ ಮತ್ತೆ ಎಂದೂ ಹಾಗಿರುವುದಿಲ್ಲ. ಅದನ್ನು ರಫು ಮಾಡಲು ನನಗೆ ಬರುವುದಿಲ್ಲ.

“ಒಂದೂ ತೂತಿಲ್ಲ ಗಂಟೆಯಣ್ಣ” ಅಂದೆ. “ಚೆನ್ನಾಗಿ ಕಾಪಾಡಿದೀಯ.”

ಅವನು ಅತ್ತುಬಿಟ್ಟ. ನಾನೂ ಹೋಗಿ ಎರಡನೇ ಸಲ ಕೇಕ್ ಹಾಕಿಸಿಕೊಂಡೆ. ನನ್ನ ಜನ್ಮದಲ್ಲಿ ಇಷ್ಟು ಹೆಮ್ಮೆ ಪಟ್ಟಿಲ್ಲ.

ಗುರುವಾರ, ಸೆಪ್ಟೆಂಬರ್ 25. ಬೆಳಗ್ಗೆ

ಕಾಫಿ ಕೊಡುತ್ತ ಇವಳು, “ರೀ, ಇನ್ಮೇಲೆ ನಿಮ್ಮ ಅಂಗಿ ಮೇಲೆ ಬಿಳಿ ರೇಷ್ಮೆ ಎಳೆ ಇರಲ್ಲ ಅಲ್ವಾ?”

ಅಂದರೆ ಗೊತ್ತಿತ್ತು! ಎರಡು ವಾರ ದಿನಾ ಸಂಜೆ ನನ್ನ ಅಂಗಿಯಿಂದ ಎಳೆ ಆರಿಸಿ ತೆಗೆದಿದ್ದಾಳೆ. ನಿನ್ನೆ ಗಂಟೆಯಣ್ಣನಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೂ ಇವಳೇ.

“ಮತ್ತೆ ಯಾಕೆ ಹೇಳಲಿಲ್ಲ ನೀನು?”

“ನಾನು ಹೇಳಿದ್ರೆ ನೀವು ಸೋತ ಹಾಗೆ ಆಗ್ತಿತ್ತಲ್ಲ. ಗೆಲ್ಲಲಿ ಅಂತ.”

ಇಪ್ಪತ್ತೊಂಬತ್ತು ವರ್ಷದಲ್ಲಿ ಇಂಥದ್ದು ಇನ್ನೆಷ್ಟು ಮಾಡಿದ್ದೀಯ ಅಂತ ಕೇಳಿದೆ. ಹಾಲು ಉಕ್ಕುತ್ತೆ ಅಂತ ಒಳಗೆ ಹೋದಳು. ಒಲೆಯ ಮೇಲೆ ಹಾಲೇ ಇರಲಿಲ್ಲ. ನಾನು ಎಂಥವಳನ್ನು ಮದುವೆಯಾಗಿದ್ದೇನೆ! ಪರಲೋಕದಲ್ಲಿ ಇವಳ ಗಂಟು ಇಡಲು ಬೇರೆ ಕೋಣೆಯೇ ಬೇಕಾದೀತು.

ಭಾನುವಾರ, ಸೆಪ್ಟೆಂಬರ್ 28

ಒಂದನೇ ತಾರೀಕಿನಿಂದ ಬರೆದದ್ದನ್ನೆಲ್ಲ ಓದಿದೆ. ಎಂಥ ಪೆದ್ದ ನಾನು.

ಯಾರಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ ಅಂತ ಪುಟಗಟ್ಟಲೆ ಹೇಳಿಕೊಂಡಿದ್ದೇನೆ. ಬೀದಿಯ ಬದಲು ಪುಸ್ತಕ, ಅಷ್ಟೇ ವ್ಯತ್ಯಾಸ. ಬರೆಯುವಾಗ ಒಂದೊಂದು ಸಾಲಿಗೂ ಎದೆ ಉಬ್ಬಿತ್ತು. ಕೂಲಿ ಇಲ್ಲೇ ತೆಗೆದುಕೊಂಡು ಮುಗಿಸಿದ್ದೇನೆ.

ಹರಿಯೋಣವೆಂದು ಹಾಳೆ ಹಿಡಿದೆ. ಆಗಲಿಲ್ಲ. ನಲವತ್ತೊಂದು ತೂತು, ದೇವರೇ! ಎದೆಯ ಹತ್ತಿರದ ಆ ಮೂರು! ಹೋಗಲಿ, ಇದೊಂದು ನನಗಿರಲಿ. ನಿನಗೆ ಬೇರೆ ಮಾಡಿಕೊಡುತ್ತೇನೆ.

ಸೋಮವಾರ, ಅಕ್ಟೋಬರ್ 6. ಬೆಳಗ್ಗೆ 10

ಮೂರು ಕೋಟು, ಒಂದು ಶಾಲು. ವಕೀಲರ ಪ್ಯಾಂಟು ಈ ಸಲ ತುಕ್ಕು ಮೊಳೆಗೆ ಸಿಕ್ಕಿ ಹರಿದಿದೆ.

ಅಂಗಡಿಗೆ ಬರುವಾಗ ಬ್ಯಾಂಕಿನ ಮೆಟ್ಟಿಲ ಮೇಲೆ ವಯಸ್ಸಾದವರೊಬ್ಬರು ಕೂತಿದ್ದರು, ಪಕ್ಕದಲ್ಲಿ ಒಂದು ಚೀಲ. ನಾನು ಹತ್ತಿರ ಹೋಗಿ... ಬೇಡ. ಇಷ್ಟೇ ಸಾಕು.